ಹೆಡರ್ ಫೈಲ್ ಇಳಿಸಬೇಡಿ ಅಂದ್ರೆ ಇಳಿಸಬೇಡಿ

ನಮಸ್ಕಾರ, ದಾವಣಗೆರೆಯಿಂದ ನಿಮ್ಮ ಲಿನಕ್ಸ್ ಅಣ್ಣ. ಇವತ್ತು ಹೊಸ ಕೀಬೋರ್ಡಿನ ಡಬ್ಬ ಬಿಚ್ಚುವ ವಿಡಿಯೋ ಮಾಡಬೇಕಿತ್ತು. ಡಬ್ಬ ಇಲ್ಲೇ ಇದೆ, ಕಾಣುತ್ತಿದೆ ಅಲ್ವಾ? ಬಿಚ್ಚಲ್ಲ. ಬೆಳಿಗ್ಗೆ ಎದ್ದು ಫೋನ್ ನೋಡಿದೆ, ಮೂಡ್ ಕೆಟ್ಟಿತು. ಪ್ರೋಗ್ರಾಂ ಕಟ್ಟುವಾಗ ಹೆಡರ್ ಫೈಲ್ ಸಿಗಲಿಲ್ಲ ಅಂತ ಎರರ್ ಬಂದರೆ ಏನು ಮಾಡಬೇಕು ಅಂತ ಹೋದ ವಾರ ವಿಡಿಯೋ ಹಾಕಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ, ಓದುತ್ತೇನೆ ಕೇಳಿ.

"ಅಣ್ಣಾ, ಇದಕ್ಕೆ 18 ನಿಮಿಷದ ವಿಡಿಯೋ ಬೇಕಿತ್ತಾ? ನಂಗೂ ಝಡ್‌ಲಿಬ್ ಡಾಟ್ ಎಚ್ ಸಿಗಲಿಲ್ಲ ಅಂತ ಎರರ್ ಬಂತು. ಗೂಗಲ್‌ನಲ್ಲಿ ಹುಡುಕಿ ಆ ಫೈಲ್ ಇಳಿಸಿದೆ, ಯೂಸರ್ ಲೋಕಲ್ ಇನ್‌ಕ್ಲೂಡ್ ಫೋಲ್ಡರಿಗೆ ಹಾಕಿದೆ. ಎರಡೇ ನಿಮಿಷ."

ಝಡ್‌ಲಿಬ್ ಅಂದ್ರೆ ಡೇಟಾ ಕುಗ್ಗಿಸುವ ಒಂದು ಲೈಬ್ರರಿ, ಝಡ್‌ಲಿಬ್ ಡಾಟ್ ಎಚ್ ಅದರ ಹೆಡರ್ ಫೈಲ್. ಈ ಕಾಮೆಂಟಿಗೆ 61 ಲೈಕ್. ನನ್ನ ವಿಡಿಯೋಗೆ 54. ಹೊಟ್ಟೆಕಿಚ್ಚಾ ಅಂತ ಕೇಳಿದರೆ, ಹೌದು, ಸ್ವಲ್ಪ ಇದೆ. ಆದರೆ ವಿಷಯ ಅದಲ್ಲ. ಆ 61 ಜನರೂ ನಾಳೆ ಇದನ್ನೇ ಮಾಡುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ: ಹೆಡರ್ ಫೈಲನ್ನ ಒಂದೊಂದಾಗಿ ನೆಟ್‌ನಿಂದ ಇಳಿಸಬೇಡಿ. ಅದು ಯಾವ ಪ್ಯಾಕೇಜಿನಲ್ಲಿದೆ ಅಂತ ನೋಡಿ, ಆ ಪ್ಯಾಕೇಜ್ ಹಾಕಿ.

ಯಾಕೆ ಅಂತೀರಾ? ನಮ್ಮೂರ ಬೆಣ್ಣೆ ದೋಸೆ ಹೋಟೆಲಿಗೆ ಬನ್ನಿ. ಒಳಗೆ ಕಟ್ಟಿಗೆ ಒಲೆ, ಕಾವಲಿ, ಬೆಣ್ಣೆ, ಆಲೂಗಡ್ಡೆ ಪಲ್ಯ. ಹೊರಗೆ ಗೋಡೆ ಮೇಲೊಂದು ಬೋರ್ಡು. ಬೋರ್ಡಲ್ಲಿ ದೋಸೆ ಇರಲ್ಲ, ದೋಸೆ ಹೆಸರು ಇರುತ್ತದೆ. ಹೆಡರ್ ಅಂದ್ರೆ ಆ ಬೋರ್ಡು, ಅಷ್ಟೇ. ಯಾವ ಫಂಕ್ಷನ್ ಇದೆ, ಅದಕ್ಕೆ ಏನೇನು ಕೊಡಬೇಕು, ವಾಪಸ್ ಏನು ಬರುತ್ತದೆ, ಇಷ್ಟನ್ನೇ ಅದು ಕಂಪೈಲರಿಗೆ, ಅಂದ್ರೆ ನಿಮ್ಮ ಕೋಡನ್ನ ಮಷಿನ್ ಭಾಷೆಗೆ ತಿರುಗಿಸುವ ಪ್ರೋಗ್ರಾಮಿಗೆ, ಹೇಳುವುದು. ಲೈಬ್ರರಿ ಅಂದ್ರೆ ಅಡುಗೆಮನೆ, ಆ ಫಂಕ್ಷನ್‌ಗಳ ನಿಜವಾದ ಕೋಡ್ ಇರುವುದು ಅಲ್ಲಿ.

"ಅಣ್ಣಾ, ಝಡ್‌ಲಿಬ್ ನನ್ನ ಮಷಿನ್‌ನಲ್ಲಿ ಮೊದಲೇ ಇದೆಯಲ್ಲ" ಅಂತಾರೆ. ಇದೆ ಸ್ವಾಮಿ, ಯಾರು ಇಲ್ಲ ಅಂದರು? ಲಿನಕ್ಸ್ ಹಂಚುವ ಉಬುಂಟು, ಡೆಬಿಯನ್‌ನವರು ಒಂದೇ ಲೈಬ್ರರಿಯನ್ನ ಎರಡು ಪೊಟ್ಟಣ ಮಾಡಿ ಇಡುತ್ತಾರೆ. ದೋಸೆ ತಿಂದು ಹೋಗುವವರಿಗೆ ಒಂದು, ಅಲ್ಲೇ ನಿಂತು ಪ್ರೋಗ್ರಾಂ ಕಟ್ಟುವವರಿಗೆ ಇನ್ನೊಂದು. ಎರಡನೆಯದರ ಹೆಸರಿನ ಕೊನೆಗೆ ಡ್ಯಾಶ್ ಡೆವ್ ಅಂತಿರುತ್ತದೆ. ಫೆಡೋರಾದಲ್ಲಿ ಡೆವೆಲ್. ನಿಮ್ಮ ಹತ್ತಿರ ಇರುವುದು ಮೊದಲನೆಯದು. ಬೋರ್ಡು ಬರುವುದು ಎರಡನೆಯದರಲ್ಲಿ.

ಈಗ ಕಾಮೆಂಟ್ ಹಾಕಿದ ತಮ್ಮನ ಲೆಕ್ಕ ತೆಗೆಯೋಣ. ಒಂದೇ ಫೈಲ್ ಇಳಿಸಿದೆ ಅಂತಾನೆ. ಝಡ್‌ಲಿಬ್ ಡಾಟ್ ಎಚ್ ತೆಗೆದು ಓದಿದ್ದಾನಾ? ಅದರ ಶುರುವಿನಲ್ಲೇ ಇನ್ನೊಂದು ಫೈಲ್ ಕೇಳುತ್ತದೆ, ಝಡ್‌ಕಾನ್ಫ್ ಡಾಟ್ ಎಚ್. ಅದಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲ್ಲ. ಸರಿ, ಎರಡೂ ಇಳಿಸಿದ ಅಂತಲೇ ಇಟ್ಟುಕೊಳ್ಳೋಣ. ಕಂಪೈಲ್ ಆಯಿತು. ಆಮೇಲೆ ನಿಮ್ಮ ಕೋಡನ್ನೂ ಲೈಬ್ರರಿಯನ್ನೂ ಜೋಡಿಸುವ ಲಿಂಕರ್ ಬರುತ್ತದೆ. "ಕೆನಾಟ್ ಫೈಂಡ್ ಡ್ಯಾಶ್ ಎಲ್ ಝಡ್" ಅನ್ನುತ್ತದೆ, ಅಂದ್ರೆ ಝಡ್‌ಲಿಬ್ ಸಿಗಲಿಲ್ಲ ಅಂತ. ಯಾಕೆಂದ್ರೆ ಮಷಿನ್‌ನಲ್ಲಿ ಇರುವುದು ಲಿಬ್‌ಝಡ್ ಡಾಟ್ ಎಸ್‌ಒ ಡಾಟ್ 1. ಲಿಂಕರ್ ಹುಡುಕುವುದು ಕೊನೆಯ ಆ 1 ಇಲ್ಲದ ಹೆಸರನ್ನ. ಆ ಹೆಸರಿನ ಲಿಂಕ್, ಅಂದ್ರೆ ನಿಜವಾದ ಫೈಲನ್ನ ತೋರಿಸುವ ಶಾರ್ಟ್‌ಕಟ್, ಬರುವುದೂ ಡೆವ್ ಪ್ಯಾಕೇಜಿನಲ್ಲೇ! ಹೆಡರ್ ಎರಡು, ಈ ಲಿಂಕು, ಜೊತೆಗೆ ಸ್ಟಾಟಿಕ್ ಲೈಬ್ರರಿ, ಪಿಕೆಜಿ ಕಾನ್ಫಿಗ್ ಅನ್ನುವ ಟೂಲ್ ಓದುವ ಫೈಲು, ಎಲ್ಲ ಒಂದೇ ಪೊಟ್ಟಣದಲ್ಲಿ ಬರುತ್ತವೆ. ಹಾಗಾದ್ರೆ ತಮ್ಮ ಎರಡು ನಿಮಿಷದಲ್ಲಿ ಏನು ಮಾಡಿದ? ಒಂದೋ ಆ ಲಿಂಕನ್ನೂ ಕೈಯಾರೆ ಮಾಡಿದ್ದಾನೆ, ಇಲ್ಲಾ ಬುರುಡೆ ಬಿಟ್ಟಿದ್ದಾನೆ. ಲೈಕ್ ಹಾಕಿದ 61 ಜನ ಸ್ವಲ್ಪ ಯೋಚನೆ ಮಾಡಿ.

ಅಂದ ಹಾಗೆ, ಝಡ್‌ಲಿಬ್ ಬಂದಿದ್ದು 1995ರಲ್ಲಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದು ಹುಟ್ಟಿದಾಗ ನಾವಿನ್ನೂ ಚಿತ್ರದುರ್ಗ ಜಿಲ್ಲೆ. ಸುಮ್ನೆ ಹೇಳಿದೆ.

"ಕೆಲಸ ಆಯ್ತಲ್ಲ ಅಣ್ಣಾ, ಮತ್ತೇನು" ಅನ್ನುವವರು ಇದ್ದಾರೆ. ರೈಲ್ವೆ ಗೇಟ್ ಹಾಕಿದಾಗ ಬೈಕ್ ಓರೆ ಮಾಡಿ ಅಡಿಯಲ್ಲಿ ತೂರಿಸುವವನೂ ಆ ಕಡೆ ಹೋಗಿ ಇದನ್ನೇ ಹೇಳುವುದು. ಬೇರೆ ಹೋಟೆಲಿನ ಬೋರ್ಡ್ ಕಿತ್ತು ತಂದು ನಮ್ಮ ಹೋಟೆಲಿಗೆ ಹಾಕಿದರೆ ಆರ್ಡರ್ ತೆಗೆದುಕೊಳ್ಳುವ ಹುಡುಗನಿಗೆ ಏನು ಗೊತ್ತಾಗುತ್ತದೆ? ರವಾ ಮಸಾಲೆ ಅಂತೀರಿ, ಬರೆದುಕೊಳ್ಳುತ್ತಾನೆ. ಒಳಗೆ ಹೋದಾಗ ಭಟ್ಟರು ಯಾವ ರವಾ, ಯಾವ ಮಸಾಲೆ ಅಂತ ಬೈಯುತ್ತಾರೆ. ಲಿಂಕರ್ ಕೊಡುವ ಅನ್‌ಡಿಫೈನ್ಡ್ ರೆಫರೆನ್ಸ್ ಎರರ್ ಅಂದ್ರೆ ಅದೇ. ಇದಾದರೂ ವಾಸಿ, ಕಣ್ಣಿಗೆ ಕಾಣುತ್ತದೆ. ಹೆಡರ್ ಒಂದು ವರ್ಷನ್‌ದು, ಲೈಬ್ರರಿ ಇನ್ನೊಂದು ವರ್ಷನ್‌ದು ಆಗಿ, ಒಳಗಿನ ಸ್ಟ್ರಕ್ಚರಿನ ಅಳತೆ ಬೇರೆ ಆಯಿತು ಅಂದುಕೊಳ್ಳಿ. ಎರರ್ ಬರದೇ ಇರಬಹುದು. ಪ್ರೋಗ್ರಾಂ ಓಡುತ್ತಾ ಓಡುತ್ತಾ ಯಾವತ್ತೋ ಬೀಳುತ್ತದೆ. ಝಡ್‌ಲಿಬ್ ಬರೆದವರು ಪುಣ್ಯಾತ್ಮರು. ಶುರುವಿನಲ್ಲೇ ಹೆಡರಿನ ವರ್ಷನ್ನು, ಸ್ಟ್ರಕ್ಚರಿನ ಅಳತೆ ಎರಡನ್ನೂ ತಾಳೆ ನೋಡಿ, ಕೂಡಿಬರದಿದ್ದರೆ ವರ್ಷನ್ ಎರರ್ ಕೊಡುತ್ತಾರೆ. ಎಲ್ಲರೂ ಅಷ್ಟು ಪುಣ್ಯಾತ್ಮರಲ್ಲ.

ಇನ್ನು ತಮ್ಮ ಆರಿಸಿದ ಫೋಲ್ಡರ್! ಯೂಸರ್ ಲೋಕಲ್ ಇನ್‌ಕ್ಲೂಡ್. ಲಿನಕ್ಸಿನ ಕಂಪೈಲರ್ ಜಿಸಿಸಿ ಮೊದಲು ನೋಡುವುದು ಅಲ್ಲಿ, ಆಮೇಲೆ ಯೂಸರ್ ಇನ್‌ಕ್ಲೂಡ್. ಮುಂದಿನ ವರ್ಷ ಬುದ್ಧಿ ಬಂದು ಸರಿಯಾದ ಡೆವ್ ಪ್ಯಾಕೇಜ್ ಹಾಕುತ್ತೀರಿ. ಆದರೂ ಕಂಪೈಲರ್ ಎತ್ತಿಕೊಳ್ಳುವುದು ನಿಮ್ಮ ಆ ಹಳೇ ಫೈಲನ್ನೇ. ಪ್ಯಾಕೇಜ್ ಮ್ಯಾನೇಜರಿಗೆ ಅದು ಇರುವುದೇ ಗೊತ್ತಿಲ್ಲ, ಅಪ್‌ಡೇಟ್ ಮಾಡಲ್ಲ, ತೆಗೆಯಲ್ಲ. ನಿಮಗೂ ಅಷ್ಟರಲ್ಲಿ ಮರೆತಿರುತ್ತದೆ. ಇಳಿಸಬೇಡಿ ಅಂತ ಬಡಕೊಳ್ಳುವುದು ಇದಕ್ಕೇ.

ನಮ್ಮ ಮನೆಯದೇ ಕಥೆ ಹೇಳುತ್ತೇನೆ. ಅಕ್ಕನ ಮಗ, ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದಿದ್ದ. ಪೈಥಾನಿಗೆ ಒಂದು ಸಿ ಎಕ್ಸ್‌ಟೆನ್ಶನ್ ಕಟ್ಟುತ್ತಿದ್ದ. ಪೈಥಾನ್ ಡಾಟ್ ಎಚ್, ನೋ ಸಚ್ ಫೈಲ್ ಆರ್ ಡೈರೆಕ್ಟರಿ. ನಾನು ಆಚೆ ಕೋಣೆಯಲ್ಲೇ ಇದ್ದೇನೆ, ಕೇಳಬಹುದಿತ್ತು. ಕೇಳಲಿಲ್ಲ. ಫೈಲ್ ಇಳಿಸಿದ. ಪ್ಯಾಚ್‌ಲೆವೆಲ್ ಡಾಟ್ ಎಚ್ ಬೇಕು ಅಂತು. ಅದನ್ನೂ ಇಳಿಸಿದ. ಪೈಕಾನ್ಫಿಗ್ ಡಾಟ್ ಎಚ್ ಬೇಕು ಅಂತು. ಹನುಮಂತನ ಬಾಲ. ರಾತ್ರಿ ಹನ್ನೊಂದಕ್ಕೆ ಹೋಗಿ ನೋಡಿದೆ. ಪಕ್ಕದಲ್ಲಿ ಅಕ್ಕ ಇಟ್ಟುಹೋದ ಮಂಡಕ್ಕಿ ಮೆಣಸಿನಕಾಯಿ. ಮೆಣಸಿನಕಾಯಿ ತಣ್ಣಗಾಗಿದೆ, ಮಂಡಕ್ಕಿ ಮೆತ್ತಗಾಗಿದೆ.

"ಇನ್ನೊಂದೇ ಫೈಲ್ ಮಾಮಾ, ಆಯ್ತು."

"ಎಷ್ಟೊತ್ತಿಂದ ಇನ್ನೊಂದೇ ಅಂತಿದ್ದೀಯೋ?"

ಏಳು ಗಂಟೆಯಿಂದ! ಪೈಕಾನ್ಫಿಗ್ ಎಲ್ಲಿಂದ ತಂದೆ ಅಂದೆ. ತೋರಿಸಿದ. ಪೈಥಾನ್ 3.12ರ ಸೋರ್ಸಿನಲ್ಲಿ ಪಿಸಿ ಅನ್ನುವ ಫೋಲ್ಡರ್ ಇದೆ, ಅದರೊಳಗಿಂದ. ಅದು ವಿಂಡೋಸ್‌ನದು ರೀ! ಲಿನಕ್ಸಿಗೆ ಬೇಕಾದ ಪೈಕಾನ್ಫಿಗ್ ಸೋರ್ಸಿನಲ್ಲಿ ರೆಡಿ ಇರುವುದೇ ಇಲ್ಲ. ಸೋರ್ಸಿನ ಜೊತೆ ಬರುವ ಕಾನ್ಫಿಗರ್ ಅನ್ನುವ ಸ್ಕ್ರಿಪ್ಟ್ ಓಡಿಸಿದಾಗ ಆ ಮಷಿನ್ ನೋಡಿ ಹುಟ್ಟುವ ಫೈಲ್ ಅದು. ಎನ್‌ಕ್ರಿಪ್ಷನ್ ಲೈಬ್ರರಿ ಓಪನ್ಎಸ್ಎಸ್ಎಲ್ 3.0 ಕಥೆಯೂ ಅಷ್ಟೇ. ಅದರ ಸೋರ್ಸಿನಲ್ಲಿ ಎಸ್ಎಸ್ಎಲ್ ಡಾಟ್ ಎಚ್ ಸಿಗಲ್ಲ, ಅದರ ಅಚ್ಚು ಮಾತ್ರ ಇದೆ, ಬಿಲ್ಡ್ ಮಾಡುವಾಗ ತಯಾರಾಗುತ್ತದೆ. ಇಳಿಸಲಿಕ್ಕೆ ಫೈಲೇ ಇಲ್ಲದಿದ್ದರೆ ಏನನ್ನ ಇಳಿಸುತ್ತೀರಿ?

ನಾನು ಮಾಡಿದ್ದು ಒಂದೇ ಸಾಲು. ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3 ಡ್ಯಾಶ್ ಡೆವ್. ಒಂದು ನಿಮಿಷ ಹಿಡಿಯಲಿಲ್ಲ. ಹುಡುಗ ನನ್ನ ಮುಖ ನೋಡಿದ. ನಾನು ಮಂಡಕ್ಕಿ ತಿಂದೆ.

ಈ ಮಧ್ಯೆ ಚಾನೆಲ್ಲಿಗೆ ಸಬ್‌ಸ್ಕ್ರೈಬ್ ಆಗಿ. ಶನಿವಾರ ರಾತ್ರಿ ಲೈವ್ ಇದೆ. "ಮೊದಲು ಡೆವ್ ಹಾಕು" ಅಂತ ಸ್ಟಿಕ್ಕರ್ ಮಾಡಿಸಿದ್ದೇನೆ, ಲ್ಯಾಪ್‌ಟಾಪಿಗೆ ಅಂಟಿಸಬಹುದು. ಅಕ್ಕನ ಮಗನಿಗೆ ಫ್ರೀ ಕೊಟ್ಟೆ. ನಿಮಗೆ 30 ರೂಪಾಯಿ.

ಪ್ಯಾಕೇಜ್ ಹೆಸರು ಹೇಗೆ ಗೊತ್ತಾಗಬೇಕು ಅಂತ ಕೇಳಿ, ಇದು ನ್ಯಾಯವಾದ ಪ್ರಶ್ನೆ. ಊಹೆ ಮಾಡಬೇಡಿ. ಉಬುಂಟುವಿನಲ್ಲಿ ಝಡ್‌ಲಿಬ್ ಡ್ಯಾಶ್ ಡೆವ್ ಅಂತ ಟೈಪ್ ಮಾಡಿದರೆ ಸಿಗಲ್ಲ, ಅಲ್ಲಿ ಅದು ಝಡ್‌ಲಿಬ್1ಜಿ ಡ್ಯಾಶ್ ಡೆವ್. ಯಾರಿಗೆ ಹೊಳೆಯುತ್ತದೆ ಅದು? ಅದಕ್ಕೇ ಯಾವ ಫೈಲ್ ಯಾವ ಪ್ಯಾಕೇಜಿನಲ್ಲಿದೆ ಅಂತ ಹುಡುಕಿಕೊಡುವ ಆಪ್ಟ್ ಡ್ಯಾಶ್ ಫೈಲ್ ಅನ್ನುವುದೊಂದಿದೆ. ಹಾಕಿಕೊಳ್ಳಿ, ಒಮ್ಮೆ ಅಪ್‌ಡೇಟ್ ಮಾಡಿ, ಆಪ್ಟ್ ಡ್ಯಾಶ್ ಫೈಲ್ ಸರ್ಚ್ ಅಂತ ಬರೆದು ಎರರಿನಲ್ಲಿ ಬಂದ ಹೆಸರನ್ನ ಹಾಗೇ ಹಾಕಿ. ಪೈಥಾನ್‌ನ ಪಿ ದೊಡ್ಡದಿದ್ದರೆ ದೊಡ್ಡದೇ ಇರಲಿ. ಫೆಡೋರಾದವರಿಗೆ ಅದೇ ಕೆಲಸಕ್ಕೆ ಡಿಎನ್ಎಫ್ ಪ್ರೊವೈಡ್ಸ್. ಇನ್ನೊಂದು, ಎರರ್ ಐವತ್ತು ಸಾಲು ಬಂದರೂ "ಫೇಟಲ್ ಎರರ್" ಅನ್ನುವ ಸಾಲು ಹುಡುಕಿ. ಫೈಲ್ ಹೆಸರು ಅಲ್ಲೇ ಇರುತ್ತದೆ. ನನಗೆ ಕೊನೇ ಸಾಲಿನ ಫೋಟೋ ಕಳಿಸಬೇಡಿ, ಅದೂ ಮೊಬೈಲಿನಲ್ಲಿ ಅಡ್ಡ ಹಿಡಿದು ತೆಗೆದದ್ದು.

"ಡೆವ್ ಪ್ಯಾಕೇಜಿಗೆ ಡೇಟಾ ಜಾಸ್ತಿ ಖರ್ಚು." ಝಡ್‌ಲಿಬ್‌ದು ಒಂದು ಎಂಬಿಯೂ ಇಲ್ಲ. ಬೆಳಿಗ್ಗೆ ನಿಮ್ಮ ಚಿಕ್ಕಪ್ಪ ಕಳಿಸುವ ಶುಭೋದಯ ವಿಡಿಯೋ ಅದಕ್ಕಿಂತ ದೊಡ್ಡದು.

"ವಿಂಡೋಸ್‌ನಲ್ಲಿ ಈ ತಲೆನೋವಿಲ್ಲ." ಹೋಗಿ, ಯಾರು ಹಿಡಿದುಕೊಂಡಿದ್ದಾರೆ?

"ಕಾನ್ಫಿಗ್ ಡಾಟ್ ಎಚ್ ಸಿಗಲಿಲ್ಲ ಅಂತ ಬಂದರೆ? ಅದಕ್ಕೆ ಪ್ಯಾಕೇಜೇ ಇಲ್ಲವಲ್ಲ, ಸಿಕ್ಕಿಬಿದ್ರಿ." ಬಹಳ ಬುದ್ಧಿವಂತರು. ಹೆಚ್ಚಿನ ಸಲ ಅದು ನೀವೇ ಕಾನ್ಫಿಗರ್ ಓಡಿಸದೆ ನೇರ ಮೇಕ್ ಹೊಡೆದದ್ದು. ಓಡಿಸಿ. ಅದನ್ನೂ ಇಳಿಸಬೇಡಿ. ಬೇರೆಯವರ ಮಷಿನ್ನಿನ ಕಾನ್ಫಿಗ್ ತಂದು ಹಾಕುವುದು ಅಂದ್ರೆ ಬೇರೆಯವರ ಕನ್ನಡಕ ಹಾಕಿಕೊಂಡು ಪಿ.ಬಿ. ರೋಡಿನಲ್ಲಿ ಗಾಡಿ ಓಡಿಸಿದ ಹಾಗೆ.

ಇಳಿಸಬೇಡಿ ಅಷ್ಟೇ. ಕಾರಣ ಬೇಕಾ? ಹೇಳಿದೆನಲ್ಲ. ಮತ್ತೆ ಹೇಳಲ್ಲ. ಇಳಿಸಬೇಡಿ. ಬರೆದುಕೊಂಡ ಹಾಳೆಯಲ್ಲಿ ಇನ್ನೂ ಎರಡು ಪಾಯಿಂಟ್ ಇತ್ತು, ಅದರ ಮೇಲೆ ಚಹಾ ಚೆಲ್ಲಿದೆ. ಕೀಬೋರ್ಡ್ ಮುಂದಿನ ವಾರ.

ತಡೀರಿ, ಅದೇ ವಿಡಿಯೋ ಕೆಳಗೆ ಇನ್ನೊಂದು ಕಾಮೆಂಟ್ ಬಂತು, ಈಗಲೇ. ಆ ತಮ್ಮನಿಗೆ ಯಾರೋ ಕೇಳಿದ್ದಾರೆ.

"ಬ್ರೋ, ನಂಗೆ ಝಡ್‌ಕಾನ್ಫ್ ಡಾಟ್ ಎಚ್ ಇಲ್ಲ ಅಂತ ಬರ್ತಿದೆ. ಅದರ ಲಿಂಕ್ ಇದ್ರೆ ಕಳಿಸು."