‘ಮ’ ಇಲ್ಲದೆ ಮಳೆ ಸುರಿಸುವುದು ಹೇಗೆ?

[ಮೇಜಿನ ಮೇಲೆ ನೋಟ್‌ಬುಕ್, ಪೆನ್ನು. ಹೊರಗೆ ಮಳೆಯ ಸದ್ದು.]

ನಮಸ್ಕಾರ. ಕತೆ ಬರೆಯಲು ಕೂರುವ ಮುನ್ನ ಕೈ ಪಳಗಿಸುವ ಮೂರು ಕಸರತ್ತು ಇವತ್ತು. ಮೊದಲು ಕೆಲಸ, ಆಮೇಲೆ ಮಾತು. ಮಳೆ ಬರುವುದನ್ನು ಮೂರೇ ಸಾಲಿನಲ್ಲಿ ಬರೆಯಿರಿ. ಒಂದೇ ಷರತ್ತು. ಪ, ಫ, ಬ, ಭ, ಮ ಎಲ್ಲೂ ಬರಬಾರದು. ಒತ್ತಕ್ಷರವಾಗಿಯೂ ಇಲ್ಲ.

[ತೆರೆಯ ಮೇಲೆ ಐದೂ ಅಕ್ಷರ. ಒಂದೊಂದಕ್ಕೂ ಕೆಂಪು ಗೀಟು ಬೀಳುತ್ತದೆ.]

ಶುರುವಿನಲ್ಲೇ ‘ಮಳೆ’ ಹೋಯಿತು. ಮೋಡ ಇಲ್ಲ, ಮಿಂಚು ಇಲ್ಲ. ‘ಬಂತು’ ಅನ್ನುವ ಹಾಗೂ ಇಲ್ಲ. ಅಮ್ಮ, ಅಪ್ಪ, ಮನೆ, ಬಾಗಿಲು ಎಲ್ಲ ಹೊರಗೆ. ನನಗೆ ಸಿಕ್ಕಿದ್ದು ಇಷ್ಟು:

[ತೆರೆಯ ಮೇಲೆ, ಕೈಬರಹದಲ್ಲಿ]
ಹಂಚಿನ ಸದ್ದು ಜೋರಾಯಿತು.
ಅಜ್ಜಿ ಅರ್ಧ ಒಣಗಿದ ಸಂಡಿಗೆಯನ್ನು ಸೀರೆ ಸಹಿತ ಒಳಗೆ ಎಳೆದಳು.
ಅಷ್ಟರಲ್ಲಿ ಕರೆಂಟು ಹೋಯಿತು.

ಷರತ್ತು ಇಲ್ಲದಿದ್ದರೆ ‘ಧೋ ಎಂದು ಮಳೆ ಸುರಿಯಿತು’ ಎಂದು ಬರೆದು ಮುಂದೆ ಹೋಗಿಬಿಡುತ್ತಿದ್ದೆ. ಅಜ್ಜಿಯೂ ಬರುತ್ತಿರಲಿಲ್ಲ, ಸಂಡಿಗೆಯೂ ಬರುತ್ತಿರಲಿಲ್ಲ. ಬಾಯಿಗೆ ಮೊದಲು ಬರುವ ಪದ ಕೈಗೆ ಸಿಗದಿದ್ದರೆ, ಆ ಹೊತ್ತಿನಲ್ಲಿ ಅಲ್ಲಿ ಏನೇನು ನಡೆಯಿತು ಎಂದು ನೋಡಲೇಬೇಕಾಗುತ್ತದೆ.

ಇದು ನಾನು ಹುಟ್ಟಿಸಿದ್ದಲ್ಲ. ಈ ಐದೂ ತುಟಿ ಸೇರಿಸಿ ಹೇಳುವ ಅಕ್ಷರಗಳು. ಅವನ್ನು ಬಿಟ್ಟು ಬರೆಯುವುದಕ್ಕೆ ನಮ್ಮ ಹಳಬರು ನಿರೋಷ್ಠ್ಯ ಎಂದು ಹೆಸರಿಟ್ಟಿದ್ದಾರೆ. ಸಂಸ್ಕೃತದಲ್ಲಿ ದಂಡಿಯ ‘ದಶಕುಮಾರಚರಿತ’ ಇದೆಯಲ್ಲ, ಅದರಲ್ಲಿ ಮಂತ್ರಗುಪ್ತ ಎಂಬವನು ತನ್ನ ಇಡೀ ಕತೆಯನ್ನು ಹೀಗೇ ಹೇಳುತ್ತಾನೆ. ಕಾರಣ? ನಲ್ಲೆ ಕಚ್ಚಿ ತುಟಿ ಗಾಯವಾಗಿರುತ್ತದೆ! [ನಗು] ಕಟ್ಟುನಿಟ್ಟಾಗಿ ನೋಡಿದರೆ ಉ, ಒ, ವ ಕೂಡ ತುಟಿಯವೇ. ಅವನ್ನೂ ಬಿಡಲು ಹೋದರೆ ಕನ್ನಡದಲ್ಲಿ ಒಂದು ಕ್ರಿಯಾಪದ ಮುಗಿಸುವುದೂ ಕಷ್ಟ. ವಾರ್ಮಪ್‌ಗೆ ಐದೇ ಸಾಕು.

ಎರಡನೆಯ ಕಸರತ್ತು ಅಷ್ಟಾವಧಾನದಿಂದ ಕದ್ದದ್ದು. ಅಂದರೆ, ಎಂಟು ಮಂದಿ ಒಡ್ಡುವ ಸವಾಲುಗಳನ್ನು ಅವಧಾನಿ ಒಬ್ಬನೇ ಸಭೆಯಲ್ಲಿ ನಿಭಾಯಿಸುವ ಆಟ. ಅಲ್ಲಿ ದತ್ತಪದಿ ಅಂತ ಒಂದಿದೆ. ಪೃಚ್ಛಕರು, ಅಂದರೆ ಸವಾಲು ಹಾಕುವವರು, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೊಡುತ್ತಾರೆ, ವಿಷಯವನ್ನೂ ಅವರೇ ಹೇಳುತ್ತಾರೆ. ಅವಧಾನಿ ಸಾಲಿಗೊಂದರಂತೆ ಆ ಪದಗಳನ್ನು ಸೇರಿಸಿ ಪದ್ಯ ಕಟ್ಟಬೇಕು. ನಮಗೆ ಛಂದಸ್ಸು ಬೇಡ. ಗೋಡೆಯ ಕ್ಯಾಲೆಂಡರಿನಿಂದ ಎರಡು ಪದ, ಪೇಪರಿನಿಂದ ಎರಡು. ವಿಷಯ ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ, ಪದ ನೋಡಿ ಬದಲಾಯಿಸಿದರೆ ಆಟ ಕೆಟ್ಟಿತು.

ನನ್ನ ವಿಷಯ ಹೆಣ್ಣು ನೋಡುವ ಶಾಸ್ತ್ರ. ಸಿಕ್ಕ ಪದಗಳು ರಾಹುಕಾಲ, ಅಮಾವಾಸ್ಯೆ, ಅಡಿಕೆ ಧಾರಣೆ, ಟೆಂಡರ್. ಐದು ನಿಮಿಷದಲ್ಲಿ ಹುಡುಗಿಯ ಅಪ್ಪ ಹುಟ್ಟಿಕೊಂಡ. ಮಾತು ಶುರುಮಾಡಲು ರಾಹುಕಾಲ ಮುಗಿಯಬೇಕು. ಅಲ್ಲಿಯವರೆಗೆ ಹುಡುಗನ ಮುಖವನ್ನೂ ನೋಡದೆ ಅಡಿಕೆ ಧಾರಣೆ ವಿಚಾರಿಸುತ್ತಾ ಕೂತಿದ್ದಾನೆ. ಈಗ ಅವನದೇ ಒಂದು ಕತೆ ಬೆಳೆಯುತ್ತಿದೆ. ಟೆಂಡರ್ ಎಲ್ಲೂ ಕೂರಲಿಲ್ಲ, ಬಿಡಿ.

ಇನ್ನು ಎಲ್ಲರೂ ಹೇಳುವ ಫ್ರೀರೈಟಿಂಗ್. ಅಮೆರಿಕದಲ್ಲಿ ಬರವಣಿಗೆ ಕಲಿಸುತ್ತಿದ್ದ ಪೀಟರ್ ಎಲ್ಬೋ 1973ರ ತಮ್ಮ ಪುಸ್ತಕದಲ್ಲಿ ಹೇಳಿಕೊಟ್ಟದ್ದು. ಹತ್ತು ನಿಮಿಷ ಕೈ ನಿಲ್ಲಬಾರದು, ತಿದ್ದಬಾರದು. ನನ್ನದು ಹೆಚ್ಚಾಗಿ ‘ಗ್ಯಾಸ್ ಬುಕ್ ಮಾಡಬೇಕು, ಮೊಸರು ತರಬೇಕು’ ಅನ್ನುವ ಪಟ್ಟಿಯಾಗುತ್ತದೆ. ತಲೆ ಗಿಜಿಗುಡುವ ದಿನ ಸರಿ, ದಿನಾ ಬೇಡ. ಮಾಡುವುದಾದರೆ ಪೆನ್ನಿನಲ್ಲೇ ಮಾಡಿ. ಫೋನಿನಲ್ಲಿ ಒತ್ತಕ್ಷರ ಬಂದಾಗಲೆಲ್ಲ ಬೆರಳು ತಡವರಿಸುತ್ತದೆ. ಸಾಲದ್ದಕ್ಕೆ ಕೀಬೋರ್ಡ್ ತಾನೇ ಪದ ಸೂಚಿಸುತ್ತದೆ. ಅದು ತೋರಿಸುವುದು ಎಲ್ಲರೂ ಬರೆಯುವ ಪದವನ್ನೇ, ಅಲ್ವಾ?

ಯಾವುದೇ ಆಗಲಿ, ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಕಸರತ್ತಿನಲ್ಲೇ ಬೆಳಗು ಕಳೆದು, ಕತೆ ಮುಟ್ಟದೆ ಎದ್ದ ದಿನಗಳು ನನ್ನ ಲೆಕ್ಕದಲ್ಲಿ ಬೇಕಾದಷ್ಟಿವೆ.

ಈಗ ನಿಮ್ಮ ಸರದಿ. ವಿಷಯ ಬಸ್ ಸ್ಟ್ಯಾಂಡ್. ಆ ಐದು ಅಕ್ಷರ ಇಲ್ಲ. ಹೌದು, ‘ಬಸ್ಸು’ ಅನ್ನುವ ಹಾಗಿಲ್ಲ. ಕಂಡಕ್ಟರ್ ಇದ್ದಾನೆ, ಚಿಲ್ಲರೆ ಇದೆ, ಕಡಲೆಕಾಯಿ ಇದೆ.

[ತೆರೆಯ ಮೇಲೆ ಗಡಿಯಾರ ಓಡಲು ಶುರುವಾಗುತ್ತದೆ.]