ಸಾಲ್ಮನ್ ಉಳಿಸೋಕೆ ಗುಡ್ಡದಲ್ಲಿ ಗಿಡ ಯಾಕೆ? ಸ್ಕಾಟ್ಲೆಂಡಿನ ಡೀ ನದಿಯ ಕಥೆ

[ದೃಶ್ಯ: ಬೋಳು ಗುಡ್ಡ, ಸಣ್ಣ ಹಳ್ಳ, ದಡದಲ್ಲಿ ಆಳೆತ್ತರದ ಬೇಲಿ. ಒಳಗೆ ಜನ ಸಸಿ ನೆಡುತ್ತಿದ್ದಾರೆ]

ಇವರು ಅರಣ್ಯ ಇಲಾಖೆಯವರಲ್ಲ, ಮೀನಿನವರು. ಸ್ಕಾಟ್ಲೆಂಡಿನ ಡೀ ನದಿಯ ಸಾಲ್ಮನ್ ನೋಡಿಕೊಳ್ಳುವ ಸಂಸ್ಥೆ ಇದು. 2035ರೊಳಗೆ 10 ಲಕ್ಷ ಗಿಡ ನೆಡಬೇಕು ಅಂತ ಹೊರಟಿದ್ದಾರೆ. ಮೀನಿಗೂ ಗಿಡಕ್ಕೂ ಏನ್ ಸಂಬಂಧ ಅಂತೀರಾ? ನೋಡೋಣ ಬನ್ನಿ.

[ನಕ್ಷೆ: ಕೇರ್ನ್‌ಗಾರ್ಮ್ ಬೆಟ್ಟಗಳಿಂದ ಅಬರ್ಡೀನ್‌ವರೆಗೆ ನದಿಯ ದಾರಿ]

ಡೀ ಹುಟ್ಟುವುದು ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ, ಸುಮಾರು 1,200 ಮೀಟರ್ ಎತ್ತರದಲ್ಲಿ. ಬ್ರೇಮಾರ್, ಬ್ಯಾಲಟರ್ ಊರುಗಳನ್ನು ದಾಟಿ ಅಬರ್ಡೀನ್‌ನಲ್ಲಿ ಸಮುದ್ರ ಸೇರುತ್ತದೆ. ಬ್ರಿಟನ್ ರಾಜಮನೆತನದ ಬಾಲ್ಮೋರಲ್ ಇರುವುದೂ ಇದೇ ದಡದಲ್ಲಿ. ಆದರೆ ನಮಗೆ ಬೇಕಾಗಿರೋದು ದೊಡ್ಡ ಹೊಳೆಯಲ್ಲ, ಅದಕ್ಕೆ ಬಂದು ಸೇರುವ ಸಣ್ಣ ಹಳ್ಳಗಳು.

[ದೃಶ್ಯ: ನೀರಿನೊಳಗೆ, ನಿಧಾನ ಚಲನೆಯಲ್ಲಿ]

ಹೆಣ್ಣು ಸಾಲ್ಮನ್ ನೋಡಿ. ತಳದ ಗುಂಡುಕಲ್ಲುಗಳ ಮೇಲೆ ಮಗ್ಗುಲಾಗಿ ಬಾಲ ಬಡಿಯುತ್ತಿದೆ. ಒಂದೊಂದು ಏಟಿಗೂ ಕಲ್ಲು ಮೇಲೇಳುತ್ತದೆ, ನೀರು ಅದನ್ನು ಕೆಳಕ್ಕೆ ತಳ್ಳುತ್ತದೆ, ಗುಂಡಿ ಬೀಳುತ್ತದೆ. ಅದರೊಳಗೆ ಬಟಾಣಿ ಗಾತ್ರದ ಕಿತ್ತಳೆ ಬಣ್ಣದ ಮೊಟ್ಟೆ. ಮೇಲೆ ಮತ್ತೆ ಕಲ್ಲು ಮುಚ್ಚುತ್ತದೆ. ಚಳಿಗಾಲ ಪೂರ್ತಿ ಆ ಕಲ್ಲಿನ ಸಂದಿಯಲ್ಲಿ ತಣ್ಣೀರು ಹರಿಯುತ್ತಲೇ ಇರಬೇಕು. ಹೂಳು ಕೂತರೆ ಮೊಟ್ಟೆಗೆ ಉಸಿರು ಕಟ್ಟುತ್ತದೆ.

ಮರಿ ಎರಡು ಮೂರು ವರ್ಷ ಹಳ್ಳದಲ್ಲೇ ಬೆಳೆದು, ಮೈ ಬೆಳ್ಳಿಯಾದ ಮೇಲೆ ಸಮುದ್ರಕ್ಕೆ ಇಳಿಯುತ್ತದೆ. ಕೆಲವು ಗ್ರೀನ್‌ಲ್ಯಾಂಡ್ ತನಕ ಹೋಗುತ್ತವೆ. ಚೆನ್ನಾಗಿ ತಿಂದು ಕೊಬ್ಬಿ, ಹುಟ್ಟಿದ ನದಿಗೇ ವಾಪಸ್ ಬರುತ್ತವೆ.

ಬರಬೇಕು. ಬರ್ತಿಲ್ಲ, ಅದೇ ಸಮಸ್ಯೆ.

[ದೃಶ್ಯ: ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮೀನು ಎಣಿಸುವ ಬೋನು]

ಬಾಲ್ಮೋರಲ್ ಹತ್ತಿರ ಗಿರ್ನಾಕ್ ಅಂತ ಒಂದು ಹಳ್ಳ. ಮೇಲೆ ಹತ್ತುವ ಮೀನು, ಕೆಳಗೆ ಇಳಿಯುವ ಮರಿ, ಎರಡನ್ನೂ 1966ರಿಂದ ಬೋನಿನಲ್ಲಿ ಹಿಡಿದು, ಎಣಿಸಿ ಬಿಡುತ್ತಿದ್ದಾರೆ. ಮೊಟ್ಟೆಯಿಡಲು ಬರುವ ಹೆಣ್ಣು ಮೀನುಗಳು ಆಗಿನದಕ್ಕೆ ಹೋಲಿಸಿದರೆ ಈಗ ತೀರಾ ಕಡಿಮೆ. ಇಡೀ ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್ ಲೆಕ್ಕ ಇಡೋಕೆ ಶುರು ಮಾಡಿದ್ದು 1952ರಲ್ಲಿ. ಅಲ್ಲಿಂದ 2023ರವರೆಗಿನ ಲೆಕ್ಕದಲ್ಲಿ ಅತಿ ಕಡಿಮೆ ಸಿಕ್ಕಿದ್ದು ಆ 2023ರಲ್ಲೇ. ಬ್ರಿಟನ್ನಿನ ಸಾಲ್ಮನ್ ಅಳಿವಿನ ಅಪಾಯದ ಪಟ್ಟಿಗೆ ಸೇರಿದ್ದೂ ಅದೇ ವರ್ಷ ಡಿಸೆಂಬರ್‌ನಲ್ಲಿ.

ಮೀನು ಕಡಿಮೆಯಾದರೆ ಗಾಳದವರನ್ನು ಬೈಯೋದು ಸುಲಭ. ಡೀ ನದಿಯವರು 1995ರಲ್ಲೇ ಹಿಡಿದ ಮೀನನ್ನು ವಾಪಸ್ ನೀರಿಗೆ ಬಿಡುವ ಪದ್ಧತಿ ತಂದರು. 2016ರಿಂದ ಇಡೀ ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಸ್ಥಿತಿ ನೋಡಿ ಸರ್ಕಾರವೇ ನದಿಗಳಿಗೆ ದರ್ಜೆ ಕೊಡುತ್ತದೆ. ಮೂರನೇ ದರ್ಜೆ, ಅಂದರೆ ತೀರಾ ಕೆಳಗಿನದು ಬಂತೋ, ಅಲ್ಲಿ ಒಂದು ಮೀನನ್ನೂ ಮನೆಗೆ ಒಯ್ಯುವಂತಿಲ್ಲ. ಇಷ್ಟಾದರೂ ಇಳಿಕೆ ನಿಲ್ಲಲಿಲ್ಲ. ಗಾಳ ಒಂದೇ ಕಾರಣ ಆಗಿದ್ದರೆ ಇಷ್ಟೊತ್ತಿಗೆ ನದಿ ತುಂಬಬೇಕಿತ್ತು, ಅಲ್ವಾ?

ಸಮುದ್ರಕ್ಕೆ ಹೋದ 100 ಮೀನಿನಲ್ಲಿ ಈಗ 5 ಕೂಡ ವಾಪಸ್ ಬರೋದಿಲ್ಲ ಅನ್ನೋದು ಅಲ್ಲಿನವರ ಅಂದಾಜು. ಸಮುದ್ರ ಯಾರ ಕೈಯಲ್ಲೂ ಇಲ್ಲ. ಕೈಯಲ್ಲಿರೋದು ಒಂದೇ: ಹಳ್ಳದಿಂದ ಹೊರಡುವ ಮರಿಗಳು ಜಾಸ್ತಿ ಇರಬೇಕು, ಗಟ್ಟಿಯಾಗಿರಬೇಕು.

[ದೃಶ್ಯ: ಬಿಸಿಲಿಗೆ ಹೊಳೆಯುವ, ನೆರಳಿಲ್ಲದ ಹಳ್ಳ]

ಅಲ್ಲೇ ಗಿಡದ ಮಾತು ಬರೋದು. ನೀರು ಸುಮಾರು 23 ಡಿಗ್ರಿ ದಾಟಿದರೆ ಸಾಲ್ಮನ್ ಮರಿ ಒದ್ದಾಡುತ್ತದೆ. 23 ಡಿಗ್ರಿ ನಮಗೆ ಹಾಯಾದ ಹವೆ, ಅದಕ್ಕೆ ಜ್ವರ. 2018ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಬಹಳಷ್ಟು ನದಿಗಳು ಈ ಮಿತಿ ದಾಟಿದವು. ಡೀ ಮೇಲ್ಭಾಗದ ಕಾಡನ್ನು ಹಿಂದೆಯೇ ಕಡಿದಾಗಿದೆ. ಬೇಟೆಗೆಂದು ಉಳಿಸಿಕೊಂಡ ಜಿಂಕೆ ಹಿಂಡು ಎದ್ದ ಸಸಿಯನ್ನೆಲ್ಲ ಮೇಯುತ್ತದೆ. ಆಗಲೇ ನೋಡಿದ ಬೇಲಿ ಅದಕ್ಕೇ. ಮರ ಬೆಳೆದರೆ ನೆರಳು. ಎಲೆ ಬಿದ್ದರೆ ಹುಳ, ಹುಳ ಇದ್ದರೆ ಮರಿಗೆ ಊಟ.

ಆದರೆ ಮರ ಬೆಳೆಯೋಕೆ ದಶಕಗಳೇ ಬೇಕು. ಅಲ್ಲಿಯವರೆಗೆ ಉರುಳಿದ ಮರಗಳನ್ನು ಬೇರು ಸಮೇತ ತಂದು ಹಳ್ಳದಲ್ಲಿ ಮಲಗಿಸುತ್ತಾರೆ. ನೀರು ಬೇರಿಗೆ ಬಡಿದು ಒಂದು ಕಡೆ ಮಡು ಕೊರೆಯುತ್ತದೆ, ಇನ್ನೊಂದು ಕಡೆ ಗುಂಡುಕಲ್ಲು ಗುಡ್ಡೆ ಹಾಕುತ್ತದೆ. ಮಡುವಿನಲ್ಲಿ ತಂಪು, ಗುಡ್ಡೆಯಲ್ಲಿ ಮೊಟ್ಟೆಗೆ ಜಾಗ. ಟಾರ್ಫಿನ್ಸ್ ಊರಿನ ಹತ್ತಿರ ಹಿಂದೊಮ್ಮೆ ಚರಂಡಿಯ ಹಾಗೆ ನೆಟ್ಟಗೆ ಮಾಡಿದ್ದ ಬೆಲ್ಟಿ ಹಳ್ಳವನ್ನು 2020ರಲ್ಲಿ ಅಗೆದು ಮತ್ತೆ ಅಂಕುಡೊಂಕು ಮಾಡಿದರು. ನನಗೆ ಇಷ್ಟವಾದ ಕೆಲಸ ಇದು.

ಸುಮ್ನೆ ಮರಿ ತಂದು ಬಿಟ್ಟರೆ ಆಗಲ್ವಾ ಅಂತ ಕೇಳಬಹುದು. ಸಾಕಿದ ಮರಿಗಳು ಕಾಡಿನವುಗಳಷ್ಟು ಬಾಳುವುದಿಲ್ಲ. ಒಂದೊಂದು ನದಿಯ ಮೀನಿನ ಗುಣವೂ ಬೇರೆ. ನಮ್ಮ ಕಾವೇರಿಯಲ್ಲೂ ಈ ಪಾಠ ಆಗಿದೆ. ಬೇರೆ ಕಡೆಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟಿದ್ದು ಇಲ್ಲಿನ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬರೋಕೆ ಒಂದು ಕಾರಣ.

[ದೃಶ್ಯ: ಮೊಣಕಾಲುದ್ದ ನೀರಿನಲ್ಲಿ ನಿಂತ ಗಾಳದವರು]

ಕೊನೆಗೆ ದುಡ್ಡಿನ ವಿಷಯ. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ಖಾಸಗಿ ಆಸ್ತಿ. ಆ ಹಕ್ಕುದಾರರು ಕಟ್ಟುವ ತೆರಿಗೆಯಿಂದಲೇ ನದಿಯ ಮಂಡಳಿ ನಡೆಯುತ್ತದೆ. ಮೀನು ಕಡಿಮೆಯಾದರೆ ಗಾಳದವರು ಬರಲ್ಲ, ಹಕ್ಕುದಾರರ ಆದಾಯ ಇಳಿಯುತ್ತದೆ, ತೆರಿಗೆ ಏರಿಸೋದು ಕಷ್ಟ. ಖರ್ಚು ಮಾತ್ರ ಈಗಲೇ ಜಾಸ್ತಿ. ಹಾಗಾಗಿ ಗಿಡ, ಬೇಲಿ, ಮರದ ದಿಮ್ಮಿಗೆಲ್ಲ ಸರ್ಕಾರದ ಅನುದಾನ, ದಾನಿಗಳನ್ನೇ ನೆಚ್ಚಿಕೊಳ್ಳಬೇಕಾಗಿದೆ.