ಗ್ಯಾಸ್ ಎಲ್ಲಿಗೆ ಹೋಯಿತು?

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಎಸಿ ಸತತ ಮೂರು ಬೇಸಿಗೆ ಕೈಕೊಟ್ಟಿತು. ಮೂರು ಸಲವೂ ಮೆಕ್ಯಾನಿಕ್ ಬಂದು, ಗ್ಯಾಸ್ ಮುಗಿದಿದೆ ಎಂದು ಹೇಳಿ, ತುಂಬಿಸಿ, ಹಣ ಪಡೆದು ಹೋದರು. ನಾಲ್ಕನೆಯ ವರ್ಷ ಬಂದ ಹುಡುಗ ಬೇರೆ ಥರ ಕೆಲಸ ಮಾಡಿದ. ಗ್ಯಾಸ್ ಸಿಲಿಂಡರನ್ನು ಬಾಗಿಲ ಬಳಿಯೇ ಇಟ್ಟು, ತಾಮ್ರದ ಕೊಳವೆಗಳು ಸೇರುವ ಜಾಗಕ್ಕೆ ಸೋಪಿನ ನೊರೆ ಹಚ್ಚಿ, ಟಾರ್ಚ್ ಹಿಡಿದು ನೋಡುತ್ತ ಕುಳಿತ. ಸ್ವಲ್ಪ ಹೊತ್ತಿಗೆ ನೊರೆಯೊಳಗಿಂದ ಒಂದು ಗುಳ್ಳೆ ಉಬ್ಬಿತು, ಒಡೆಯಿತು, ಮತ್ತೊಂದು ಉಬ್ಬಿತು. 'ಗ್ಯಾಸ್ ಮುಗಿಯುವುದಿಲ್ಲ ಸರ್, ಸೋರಿ ಹೋಗುತ್ತದೆ' ಎಂದ. ಇವತ್ತು ನಾನು ಹೇಳಲಿರುವುದೆಲ್ಲ ಆ ಮಾತಿನಿಂದಲೇ ಹುಟ್ಟಿದ್ದು.

ಕಾರಿನಲ್ಲಿ ಪೆಟ್ರೋಲ್ ಮುಗಿಯುತ್ತದೆ, ಒಲೆಯಲ್ಲಿ ಅನಿಲ ಉರಿದು ಮುಗಿಯುತ್ತದೆ. ಎಸಿಯ ಗ್ಯಾಸ್ ಹಾಗಲ್ಲ. ಎಸಿ ತಂಪನ್ನು ತಯಾರಿಸುವ ಯಂತ್ರವಲ್ಲ, ಶಾಖವನ್ನು ಹೊತ್ತು ಸಾಗಿಸುವ ಯಂತ್ರ. ಬೆವರು ಆರುವಾಗ ಮೈಯ ಶಾಖವನ್ನು ಎಳೆದುಕೊಂಡು ಹೋಗುವಂತೆ, ಒಳಗಿನ ಕಾಯಿಲ್‌ನಲ್ಲಿ ದ್ರವರೂಪದಲ್ಲಿರುವ ಈ ಗ್ಯಾಸ್ ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ, ಹೊರಗಿನ ಗಾಳಿಗಿಂತಲೂ ಬಿಸಿಯಾಗುವಂತೆ ಮಾಡುತ್ತದೆ. ಹೊರಗಿನ ಕಾಯಿಲ್‌ನಲ್ಲಿ ಆ ಶಾಖ ಗಾಳಿಗೆ ಬಿಟ್ಟುಹೋಗಿ ಆವಿ ಮತ್ತೆ ದ್ರವವಾಗುತ್ತದೆ. ಕಿರಿದಾದ ದಾರಿಯೊಂದರಲ್ಲಿ ನುಸುಳಿ ಅದರ ಒತ್ತಡ ಇಳಿಯುತ್ತದೆ, ತಣ್ಣಗಾಗುತ್ತದೆ, ಮತ್ತೆ ಒಳಗೆ ಬರುತ್ತದೆ. ಗಾಣದ ಎತ್ತಿನಂತೆ ಅದೇ ಗ್ಯಾಸ್ ವರ್ಷಗಟ್ಟಲೆ ಅದೇ ಸುತ್ತು ಹೊಡೆಯುತ್ತಿರುತ್ತದೆ. ಅದು ಖರ್ಚಾಗಲು ಆ ದಾರಿಯಲ್ಲಿ ಎಲ್ಲಿಯೂ ಅವಕಾಶವಿಲ್ಲ. ಹಾಗಾಗಿ ಯಾರಾದರೂ ಗ್ಯಾಸ್ ಕಡಿಮೆಯಾಗಿದೆ ಎಂದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಹಾಗಾದರೆ ಅದು ಎಲ್ಲಿಗೆ ಹೋಯಿತು?

ಇದು ನಮ್ಮ ಜೇಬಿನ ಪ್ರಶ್ನೆ ಮಾತ್ರ ಅಲ್ಲ. ಹಳೆಯ ಯಂತ್ರಗಳಲ್ಲಿದ್ದ ಆರ್-22 ಎಂಬ ಗ್ಯಾಸ್ ಓಝೋನ್ ಪದರವನ್ನು ತಿನ್ನುತ್ತಿತ್ತು. ಆ ಪದರವನ್ನು ಉಳಿಸಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ಹಾದಿಯಲ್ಲಿ ಅದನ್ನು ಹಂತಹಂತವಾಗಿ ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಆರ್-410ಎ ಓಝೋನಿಗೆ ಹಾನಿ ಮಾಡುವುದಿಲ್ಲ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋ, ಸುಮಾರು ಎರಡು ಸಾವಿರ ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಈಗ ಹೆಚ್ಚು ಬಳಕೆಗೆ ಬಂದಿರುವ ಆರ್-32ರಲ್ಲಿ ಈ ಲೆಕ್ಕ ಸುಮಾರು 675 ಕಿಲೋ. ಇಂಥ ಅನಿಲಗಳ ಬಳಕೆಯನ್ನು ಇಳಿಸಲೆಂದೇ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಿಕೊಂಡವು. ಸೋರುವ ಯಂತ್ರಕ್ಕೆ ಪ್ರತಿ ವರ್ಷ ಗ್ಯಾಸ್ ತುಂಬಿಸುವುದೆಂದರೆ ತೂತು ಬಿದ್ದ ಕೊಡಕ್ಕೆ ನೀರು ಹೊಯ್ಯುವುದು ಮಾತ್ರವಲ್ಲ, ಆ ನೀರಿನಲ್ಲಿ ಊರಿಗೆ ಕೇಡು ಹರಿಸುವುದು.

ಸರಿಯಾದ ದುರಸ್ತಿ ಹೇಗಿರುತ್ತದೆ? ಮೊದಲು ಸೋರುವ ಜಾಗವನ್ನು ಹುಡುಕುತ್ತಾರೆ. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಬೇರೆ ಸಿಲಿಂಡರಿಗೆ ಎಳೆದುಕೊಳ್ಳುತ್ತಾರೆ. ಸೋರಿಕೆ ಮುಚ್ಚಿ, ಕೊಳವೆಗೆ ಒಣ ನೈಟ್ರೋಜನ್ ತುಂಬಿ, ಒತ್ತಡ ಇಳಿಯುತ್ತದೆಯೇ ಎಂದು ಕಾದು ನೋಡುತ್ತಾರೆ. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿಯನ್ನೂ ತೇವವನ್ನೂ ಹೊರಗೆಳೆಯುತ್ತಾರೆ. ಈ ಹಂತದಲ್ಲಿ ಅವಸರ ಮಾಡಿದರೆ ಒಳಗುಳಿದ ತೇವವು ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗುತ್ತದೆ, ಅದು ಯಂತ್ರವನ್ನು ಒಳಗಿನಿಂದಲೇ ಸವೆಸುತ್ತದೆ. ಕೊನೆಗೆ ಗ್ಯಾಸನ್ನು ತೂಗಿ ಹಾಕುತ್ತಾರೆ. ಹೌದು, ತಕ್ಕಡಿಯಲ್ಲಿ ತೂಗಿ. ನಿಮ್ಮ ಹೊರ ಘಟಕದ ಪಕ್ಕದಲ್ಲಿ ಒಂದು ಫಲಕ ಅಂಟಿಸಿರುತ್ತಾರೆ. ಯಾವ ಗ್ಯಾಸ್, ಎಷ್ಟು ತೂಕ ಎಂಬುದು ಅದರಲ್ಲಿರುತ್ತದೆ. ಕೊಳವೆ ಉದ್ದವಿದ್ದರೆ ಎಷ್ಟು ಹೆಚ್ಚು ಹಾಕಬೇಕು ಎಂಬುದು ಅಳವಡಿಕೆಯ ಕೈಪಿಡಿಯಲ್ಲಿರುತ್ತದೆ. ಇವತ್ತು ಮನೆಗೆ ಹೋದ ಮೇಲೆ ಆ ಫಲಕದ ಫೋಟೊ ತೆಗೆದಿಟ್ಟುಕೊಳ್ಳಿ. ತಕ್ಕಡಿ ತರದೆ ಅಂದಾಜಿನ ಮೇಲೆ ಗ್ಯಾಸ್ ತುಂಬುವವರನ್ನು ಆ ಫೋಟೊ ತೋರಿಸಿ ಮರ್ಯಾದೆಯಿಂದಲೇ ತಡೆಯಬಹುದು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ತಪ್ಪೆಲ್ಲ ಮೆಕ್ಯಾನಿಕ್‌ಗಳದ್ದು ಎಂದು ನಾನು ಹೇಳುತ್ತಿಲ್ಲ. ಈ ಹಂತಗಳಿಗೆಲ್ಲ ಸಮಯ ಬೇಕು, ಉಪಕರಣ ಬೇಕು. ನಾವು ಅತಿ ಕಡಿಮೆ ದರ ಹೇಳಿದವರನ್ನೇ ಕರೆದು, ಅರ್ಧ ಗಂಟೆಯಲ್ಲಿ ಮುಗಿಸಿ ಎಂದು ಅವಸರಪಡಿಸಿದರೆ, ಮೊದಲು ಬಿಟ್ಟುಹೋಗುವುದು ವ್ಯಾಕ್ಯೂಮ್ ಪಂಪಿನ ಕೆಲಸವೇ. ಹೊಸ ಎಸಿ ಕೂರಿಸುವ ದಿನವೂ ಹೀಗೆಯೇ ಆಗುತ್ತದೆ. ಒಳ್ಳೆಯ ಕೆಲಸಗಾರನಿಗೆ ಸಮಯ ಕೊಡುವುದು, ಆ ಸಮಯಕ್ಕೆ ತಕ್ಕ ಕೂಲಿ ಕೊಡುವುದು ಮನೆಯವರ ಹೊಣೆ.

ತಂಪು ಕಡಿಮೆಯಾದಾಗಲೆಲ್ಲ ಗ್ಯಾಸಿನದೇ ದೋಷ ಎಂದೇನೂ ಇಲ್ಲ. ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು, ಹೊರ ಘಟಕದ ಬೆನ್ನಿಗೆ ಎಲೆ, ನಾರು, ಕೊಳೆ ಮೆತ್ತಿಕೊಂಡಿರಬಹುದು. ಕೊಳವೆಯ ಮೇಲೆ ಮಂಜುಗಡ್ಡೆ ಕಂಡರೆ ಎಸಿ ಚೆನ್ನಾಗಿ ತಂಪು ಕೊಡುತ್ತಿದೆ ಎಂದು ಅನೇಕರು ಭಾವಿಸುತ್ತಾರೆ. ನಿಜವಾಗಿ ಅದು ಕಾಯಿಲೆಯ ಲಕ್ಷಣ. ಗ್ಯಾಸ್ ಕಡಿಮೆಯಾದರೂ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಮಂಜು ಕಟ್ಟುತ್ತದೆ, ಫಿಲ್ಟರ್ ಕಟ್ಟಿಕೊಂಡು ಗಾಳಿ ಸಾಲದಾದರೂ ಕಟ್ಟುತ್ತದೆ. ಆದ್ದರಿಂದ ಫೋನ್ ಮಾಡುವ ಮೊದಲು ತಂಪು ನಿಲ್ಲಿಸಿ, ಫ್ಯಾನ್ ಮಾತ್ರ ಓಡಿಸಿ ಮಂಜು ಕರಗಲು ಬಿಡಿ. ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ನಂತರ ಸಾಧಾರಣ ಥರ್ಮಾಮೀಟರ್ ಹಿಡಿದು, ಎಸಿ ಒಳಗೆ ಎಳೆದುಕೊಳ್ಳುವ ಗಾಳಿಯನ್ನೂ ಹೊರಗೆ ಬಿಡುವ ಗಾಳಿಯನ್ನೂ ಅಳೆಯಿರಿ. ಯಂತ್ರ ಪೂರ್ಣ ಬಲದಲ್ಲಿ ಓಡುತ್ತಿರುವಾಗ ನಡುವಿನ ಅಂತರ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಗಾಳಿಯಲ್ಲಿ ತೇವ ವಿಪರೀತವಿದ್ದರೆ ಕಡಿಮೆ ಇರಬಹುದು, ಏಕೆಂದರೆ ಯಂತ್ರದ ಶಕ್ತಿಯ ಒಂದು ಪಾಲು ಆವಿಯನ್ನು ನೀರಾಗಿಸಲು ಹೋಗುತ್ತದೆ. ಸರ್ವಿಸಿನ ಮೊದಲು ಒಮ್ಮೆ, ಆದ ಮೇಲೆ ಒಮ್ಮೆ ಈ ಅಂಕಿಯನ್ನು ಬರೆದಿಡಿ. ಕೆಲಸ ಆಯಿತೋ ಇಲ್ಲವೋ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಬಿಡಿಭಾಗಗಳ ವಿಷಯದಲ್ಲಿಯೂ ಇದೇ ನ್ಯಾಯ. ಮೋಟಾರ್ ಓಡಲು ನೆರವಾಗುವ ಕಪ್ಯಾಸಿಟರ್ ಹೋಗಿದೆ ಎಂದರೆ ಅದರ ಮೈಮೇಲೆ ಎಷ್ಟು ಮೈಕ್ರೊಫ್ಯಾರಡ್ (ಅದರ ಸಾಮರ್ಥ್ಯದ ಅಳತೆ) ಎಂದು ಮುದ್ರಿಸಿರುತ್ತದೆ, ಮೀಟರಿನಲ್ಲಿ ಎಷ್ಟು ತೋರಿಸುತ್ತದೆ ಎಂದು ಕೇಳಿ. ನೀವೇ ಅದನ್ನು ಮುಟ್ಟಬೇಡಿ, ವಿದ್ಯುತ್ ಕಡಿದ ಮೇಲೂ ಅದರಲ್ಲಿ ಆಘಾತ ಕೊಡುವಷ್ಟು ವಿದ್ಯುತ್ ಉಳಿದಿರಬಹುದು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಇನ್ನು ಹೊಸ ಯಂತ್ರ ಕೊಳ್ಳುವಾಗ ಎಲ್ಲರ ಬಾಯಲ್ಲೂ ಬರುವ ಟನ್. ಇದು ಯಂತ್ರದ ತೂಕವಲ್ಲ. ಮಂಜುಗಡ್ಡೆಯಿಂದ ತಂಪು ಪಡೆಯುತ್ತಿದ್ದ ಕಾಲದ ಅಳತೆ ಅದು: ಎರಡು ಸಾವಿರ ಪೌಂಡ್ ಮಂಜುಗಡ್ಡೆ ಇಪ್ಪತ್ನಾಲ್ಕು ಗಂಟೆಗಳಲ್ಲಿ ಕರಗುತ್ತ ಎಷ್ಟು ಶಾಖ ಹೀರುತ್ತದೋ ಅಷ್ಟು ಸಾಮರ್ಥ್ಯ. ಶಾಖ ಅಳೆಯುವ ಬಿಟಿಯು ಎಂಬ ಮಾನದಲ್ಲಿ ಗಂಟೆಗೆ 12,000, ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್. ಕೋಣೆಯ ಉದ್ದಗಲ ಮಾತ್ರ ಕೇಳಿ ಇಷ್ಟು ಟನ್ ಬೇಕು ಎನ್ನುವವರ ಮಾತಿಗೆ ನಾನು ತಲೆದೂಗಲಾರೆ. ಕಿಟಕಿ ಯಾವ ದಿಕ್ಕಿಗಿದೆ, ಮೇಲೆ ಬಿಸಿಲು ಬೀಳುವ ತಾರಸಿಯೋ ಇನ್ನೊಂದು ಮಹಡಿಯೋ, ಎಷ್ಟು ಜನ ಕೂರುತ್ತಾರೆ — ಸುಮ್ಮನೆ ಕುಳಿತ ಒಬ್ಬ ಮನುಷ್ಯನೇ ಸುಮಾರು ನೂರು ವ್ಯಾಟ್ ಶಾಖ ಬಿಡುತ್ತಾನೆ — ಇದನ್ನೆಲ್ಲ ಕೇಳದೆ ಲೆಕ್ಕ ಹಾಕಲು ಬರುವುದಿಲ್ಲ. ದೊಡ್ಡದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುತ್ತೀರಿ. ಅಲ್ಲ. ಅತಿ ದೊಡ್ಡ ಯಂತ್ರ ಗಾಳಿಯನ್ನು ಬೇಗನೆ ತಣ್ಣಗಾಗಿಸಿ ನಿಂತುಬಿಡುತ್ತದೆ, ತೇವವನ್ನು ಹಿಂಡಿ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ. ಕೋಣೆ ತಣ್ಣಗಿದ್ದರೂ ಮೈ ಅಂಟಂಟಾಗಿರುತ್ತದೆ. 1902ರಲ್ಲಿ ಆಧುನಿಕ ಎಸಿಯ ಜನಕ ಎನಿಸಿದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮುದ್ರಣಾಲಯಕ್ಕೆ ತನ್ನ ವ್ಯವಸ್ಥೆಯನ್ನು ರೂಪಿಸಿದ್ದೂ ತೇವದ ಕಾರಣಕ್ಕೇ. ಕಾಗದ ತೇವಕ್ಕೆ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ.

ಚಳಿಗೆ ಬರೋಣ. ಸುರುಳಿ ಕಾಯಿಸುವ ಯಾವುದೇ ವಿದ್ಯುತ್ ಹೀಟರ್, ಎಣ್ಣೆ ತುಂಬಿದ್ದಾಗಲಿ ಫ್ಯಾನ್ ಇರುವುದಾಗಲಿ, ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವನ್ನೇ ಕೊಡುತ್ತದೆ. ಜಾಹೀರಾತು ಏನೇ ಹೇಳಲಿ, ಅದಕ್ಕಿಂತ ಹೆಚ್ಚು ಕೊಡಲಾರದು. ಆದರೆ ಎಸಿಯ ಸುತ್ತನ್ನೇ ತಿರುಗಿಸಿ, ಹೊರಗಿನ ಶಾಖವನ್ನು ಒಳಗೆ ಸಾಗಿಸಿದರೆ? ಲಾರ್ಡ್ ಕೆಲ್ವಿನ್ ಎಂದು ಮುಂದೆ ಹೆಸರಾದ ವಿಜ್ಞಾನಿ ವಿಲಿಯಂ ಥಾಮ್ಸನ್ 1852ರಲ್ಲಿಯೇ ಈ ಯೋಚನೆಯನ್ನು ಮುಂದಿಟ್ಟರು. ಹೀಗೆ ಕೆಲಸ ಮಾಡುವ ಇವತ್ತಿನ ಹೀಟ್ ಪಂಪ್‌ಗಳು ಹವೆ ಅನುಕೂಲವಾಗಿದ್ದರೆ ಒಂದು ಯೂನಿಟ್‌ಗೆ ಮೂರು ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಶಾಖವನ್ನು ಒಳಗೆ ತರುತ್ತವೆ. ಚಳಿ ಹೆಚ್ಚಿದಂತೆ ಈ ಲಾಭ ಇಳಿಯುತ್ತದೆ. ಕೊರೆಯುವ ಚಳಿಯಲ್ಲಿ ಯಂತ್ರ ಆಗಾಗ ನಿಂತು, ಹೊರ ಘಟಕದಿಂದ ಹಬೆ ಏಳುವುದನ್ನು ಕಂಡು ಗಾಬರಿಯಾಗಿ ಮೆಕ್ಯಾನಿಕ್‌ನನ್ನು ಕರೆಯುವವರಿದ್ದಾರೆ. ಅದು ಕೆಟ್ಟಿರುವುದಿಲ್ಲ, ತನ್ನ ಮೈಮೇಲಿನ ಹಿಮವನ್ನು ತಾನೇ ಕರಗಿಸಿಕೊಳ್ಳುತ್ತಿರುತ್ತದೆ.

ಇಷ್ಟು ಹೊತ್ತು ಹಣದ, ನೆಮ್ಮದಿಯ ಮಾತಾಡಿದೆ. ಇನ್ನು ಪ್ರಾಣದ ಮಾತು. ಅನಿಲ, ಎಣ್ಣೆ, ಕಟ್ಟಿಗೆ, ಯಾವುದನ್ನೇ ಉರಿಸಿ ಮನೆ ಬೆಚ್ಚಗಿಡುವವರು ದಯವಿಟ್ಟು ಗಮನವಿಟ್ಟು ಕೇಳಿ. ಉರಿ ಪೂರ್ತಿಯಾಗದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲು ಬರುತ್ತವೆ. ನೆಗಡಿ ಜ್ವರದ ಸುಸ್ತು ಎಂದುಕೊಂಡು ಮಲಗಿದವರು ಏಳದೇ ಹೋಗಬಹುದು. ಮನೆಯವರೆಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅದನ್ನು ಕಾಯಿಲೆ ಎಂದು ತಳ್ಳಿಹಾಕಬೇಡಿ. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮೊದಲೇ, ಅರ್ಹ ತಂತ್ರಜ್ಞರಿಂದ ಉರಿ, ಶಾಖ ವಿನಿಮಯದ ಪೆಟ್ಟಿಗೆಯ ಬಿರುಕು, ಹೊಗೆ ಕೊಳವೆ ಇವುಗಳನ್ನು ನೋಡಿಸಿ. ಇಲ್ಲಿಯೂ ಕಣ್ಣಂದಾಜು ಸಾಲದು, ಹೊಗೆಯನ್ನು ಉಪಕರಣದಿಂದ ಅಳೆದು ಬಂದ ಅಂಕಿಯನ್ನು ಬರೆಸಿಕೊಳ್ಳಿ. ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ. ಹೊಗೆಯ ಅಲಾರಂ ಬೇರೆ, ಇದು ಬೇರೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿದರೆ ಕಾರಣ ಹುಡುಕುತ್ತ ಒಳಗೆ ನಿಲ್ಲಬೇಡಿ. ಮಕ್ಕಳನ್ನು, ಹಿರಿಯರನ್ನು ಕರೆದುಕೊಂಡು ಹೊರಗೆ ಬನ್ನಿ, ಹೊರಗಿನಿಂದಲೇ ಫೋನ್ ಮಾಡಿ, ಪರೀಕ್ಷಿಸಿದವರು ಹೇಳುವ ತನಕ ಒಳಗೆ ಹೋಗಬೇಡಿ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಬಹುದು. ನಿಮ್ಮ ಯಂತ್ರದ ಫಲಕದ ಫೋಟೊ ಯಾರ ಬಳಿಯಾದರೂ ಈಗಾಗಲೇ ಇದ್ದರೆ, ಅಲ್ಲಿಂದಲೇ ಶುರು ಮಾಡೋಣ.